ದೂರದಿಂದ ಪ್ರಯಾಣಿಸುವ ನೌಕರರಿಗೆ ಕೋವರ್ಕಿಂಗ್ ಕಚೇರಿ: ಸಾರ್ವಜನಿಕ ಮಾಹಿತಿ

ವಿವಿಧ ಸಂಸ್ಥೆಗಳ ನೌಕರರು ಒಂದೇ ಕಟ್ಟಡದಲ್ಲಿ ಮೇಜು, ಅಂತರಜಾಲ ಸಂಪರ್ಕ ಹಾಗೂ ಸಭಾ ಕೊಠಡಿಗಳನ್ನು ಬಾಡಿಗೆಗೆ ಪಡೆದು ಕೆಲಸ ನಿರ್ವಹಿಸುವ ಸ್ಥಳವನ್ನು ಕೋವರ್ಕಿಂಗ್ ಕಚೇರಿ ಎಂದು ಕರೆಯಲಾಗುತ್ತದೆ. 2005ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಈ ಹೆಸರಿನೊಂದಿಗೆ ಆರಂಭಗೊಂಡ ವ್ಯವಸ್ಥೆಯು ಮೊದಲು ಸ್ವತಂತ್ರ ವೃತ್ತಿಪರರಿಗೆ ಮಾತ್ರ ಉಪಯುಕ್ತವಾಗಿದ್ದು, ಅನಂತರ ಸಂಬಳದಾರ ನೌಕರರಿಗೂ ವಿಸ್ತರಿಸಿದೆ.

ಉದಾಹರಣೆಗೆ, ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದ ತುಮಕೂರಿನಿಂದ ಪ್ರತಿದಿನ ರೈಲಿನಲ್ಲಿ ಬಂದುಹೋಗುವ ನೌಕರರನ್ನು ಪರಿಗಣಿಸಬಹುದು. ಮನೆಯಿಂದ ಕಚೇರಿಗೆ 2 ಗಂಟೆಯಂತೆ ಲೆಕ್ಕ ಹಾಕಿದಲ್ಲಿ ದಿನಕ್ಕೆ 4 ಗಂಟೆ ಪ್ರಯಾಣದಲ್ಲೇ ಕಳೆಯುತ್ತದೆ. ತಿಂಗಳಿಗೆ 8 ದಿನ ಊರಿನಲ್ಲಿಯೇ, ಹೋಗಿಬರಲು ಒಟ್ಟು 1 ಗಂಟೆ ತಗಲುವ ಸ್ಥಳದಲ್ಲಿ ಕೆಲಸ ಮಾಡಿದರೆ 24 ಗಂಟೆಗಳು ಉಳಿಯುತ್ತವೆ. ಇದು ಮೂರು ಪೂರ್ಣ ಕೆಲಸದ ದಿನಗಳಿಗೆ ಸಮ. ಮನೆಯಿಂದಲೇ ಕೆಲಸ ಮಾಡಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ಎರಡು ಕೊಠಡಿಗಳ ಮನೆಯಲ್ಲಿ ಮಕ್ಕಳು, ವೃದ್ಧರ ನಡುವೆ ಇದು ಎಲ್ಲರಿಗೂ ಸಾಧ್ಯವಾಗದು.

ಸಮಯ ಉಳಿದಂತೆ ಹಣವೂ ಉಳಿಯುತ್ತದೆಂದು ಭಾವಿಸುವುದು ಸರಿಯಲ್ಲ. ರೈಲ್ವೆಯ ಮಾಸಿಕ ಸೀಸನ್ ಟಿಕೆಟಿನ ದರವು ಪ್ರಯಾಣಿಸಿದ ದಿನಗಳನ್ನು ಅವಲಂಬಿಸಿರುವುದಿಲ್ಲ. ಆದುದರಿಂದ ಮೇಜಿನ ಬಾಡಿಗೆಯು ಹೆಚ್ಚುವರಿ ಖರ್ಚೇ ಆಗುತ್ತದೆ. ಈ ಬಾಡಿಗೆಗೆ ಶೇ. 18ರಷ್ಟು ಜಿ.ಎಸ್.ಟಿ. ಅನ್ವಯಿಸುತ್ತದೆ, ರೂ. 5,000 ಬಾಡಿಗೆಯಾದಲ್ಲಿ ತೆರಿಗೆ ರೂ. 900. ನೋಂದಾಯಿತ ಸಂಸ್ಥೆಯು ತನ್ನ ಹೆಸರಿನಲ್ಲಿ ಬಿಲ್ಲು ಪಡೆದಲ್ಲಿ ನಿಯಮಗಳಿಗೊಳಪಟ್ಟು ಹೂಡುವಳಿ ತೆರಿಗೆ ಜಮೆ ಪಡೆಯಬಹುದು, ಬಾಡಿಗೆಯನ್ನು ವ್ಯವಹಾರದ ವೆಚ್ಚವೆಂದೂ ತೋರಿಸಬಹುದು. ಸಂಬಳದಾರ ನೌಕರನಿಗೆ ಈ ಎರಡೂ ಅನುಕೂಲಗಳಿಲ್ಲ. ಒಂದೇ ಮೇಜು ನೌಕರನಿಗೆ ದುಬಾರಿ, ಸಂಸ್ಥೆಗೆ ಅಗ್ಗ. ಹೀಗಾಗಿ ಬಾಡಿಗೆಯನ್ನು ಸಂಸ್ಥೆಯೇ ಭರಿಸುವುದು ನ್ಯಾಯೋಚಿತವಾಗಿದೆ.

ಕರೆ ಕೇಂದ್ರ ಮುಂತಾದ ಸೇವೆಗಳಿಗಿದ್ದ ನಿರ್ಬಂಧಗಳನ್ನು ಕೇಂದ್ರ ದೂರಸಂಪರ್ಕ ಇಲಾಖೆಯು ನವೆಂಬರ್ 2020 ಮತ್ತು ಜೂನ್ 2021ರಲ್ಲಿ ಸಡಿಲಿಸಿರುತ್ತದೆ. ಮಹಿಳಾ ನೌಕರರ ಸುರಕ್ಷತೆಯ ಕುರಿತು ಹೇಳುವುದಾದರೆ, ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆ ಅಧಿನಿಯಮ, 2013ರಲ್ಲಿ ಉದ್ಯೋಗದ ನಿಮಿತ್ತ ನೌಕರರು ಹೋಗುವ ಸ್ಥಳವೂ ಕೆಲಸದ ಸ್ಥಳವೆಂದೇ ಪರಿಗಣಿತವಾಗಿದೆ. ಕಟ್ಟಡ ಬೇರೆಯವರದೆಂಬ ಕಾರಣಕ್ಕೆ ಉದ್ಯೋಗದಾತರ ಹೊಣೆ ತಪ್ಪುವುದಿಲ್ಲ.

ಮೇಜನ್ನು ಗೊತ್ತುಪಡಿಸುವ ಮೊದಲು ಉದ್ಯೋಗದಾತರಿಂದ ಲಿಖಿತ ಅನುಮತಿ ಪಡೆಯತಕ್ಕದ್ದು. ಸದರಿ ಪತ್ರದಲ್ಲಿ ಸ್ಥಳದ ವಿಳಾಸ, ದಿನಗಳು, ಬಾಡಿಗೆ ಭರಿಸುವವರು ಹಾಗೂ ಗ್ರಾಹಕರ ಗೌಪ್ಯ ದಾಖಲೆಗಳನ್ನು ಅಲ್ಲಿ ತೆರೆಯಬಹುದೇ ಎಂಬ ವಿವರಗಳಿರಬೇಕು.