ಅಕ್ಷರವೂ ಅಲಂಕಾರವೂ

ಗ್ರಂಥವೊಂದು ಓದುಗನ ಕೈಸೇರುವ ಮುನ್ನ ಎರಡು ಕೆಲಸಗಳು ನಡೆಯಬೇಕು. ಒಂದು, ವಿಷಯವನ್ನು ಬರೆಯುವುದು. ಇನ್ನೊಂದು, ಬರೆದುದನ್ನು ಅಂದವಾಗಿ ಪುಟಕ್ಕಿಳಿಸುವುದು. ಅಚ್ಚುಮೊಳೆಗಳ ಕಾಲದಲ್ಲಿ ಮೊದಲನೆಯದು ಲೇಖಕನ ಪಾಲಿಗೂ ಎರಡನೆಯದು ಮುದ್ರಣಾಲಯದ ಪಾಲಿಗೂ ಸೇರಿತ್ತು. ಹಸ್ತಪ್ರತಿಯಲ್ಲಿ ‘ಇದು ಶೀರ್ಷಿಕೆ’, ‘ಇದು ದಪ್ಪಕ್ಷರ’ ಎಂದು ಗುರುತು ಹಾಕಿದರೆ ಸಾಕು; ಉಳಿದುದನ್ನು ಮೊಳೆ ಜೋಡಿಸುವವನು ನೋಡಿಕೊಳ್ಳುತ್ತಿದ್ದನು. ಗಣಕಯಂತ್ರ ಬಂದ ಮೇಲೆ ಎರಡು ಹೊರೆಗಳೂ ಲೇಖಕನ ಹೆಗಲಿಗೇರಿದವು. ವಾಕ್ಯದ ಅರ್ಥವನ್ನು ಚಿಂತಿಸಬೇಕಾದ ಹೊತ್ತಿನಲ್ಲಿ ಅವನು ಅಕ್ಷರದ ಗಾತ್ರವನ್ನು ಚಿಂತಿಸುವಂತಾಯಿತು.

ಈ ತೊಡಕಿಗೆ ಒಂದು ಉತ್ತಮ ಪರಿಹಾರವು ಲೇಖಕರೊಬ್ಬರ ನಿರಾಶೆಯಿಂದಲೇ ಹುಟ್ಟಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಡೊನಾಲ್ಡ್ ಕನೂತ್ ಅವರು ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಎಂಬ ಮಹಾಗ್ರಂಥದ ಕರ್ತೃ. ಅದರ ಎರಡನೆಯ ಸಂಪುಟ 1969ರಲ್ಲಿ ಸೀಸದ ಮೊಳೆಗಳಿಂದ ಸೊಗಸಾಗಿ ಅಚ್ಚಾಗಿತ್ತು. ಪರಿಷ್ಕೃತ ಆವೃತ್ತಿಗೆ ಹೊಸ ವಿಧಾನವನ್ನು ಅನುಸರಿಸಿದಾಗ, 1977ರಲ್ಲಿ ಬಂದ ಕರಡಚ್ಚು ಅವರಿಗೆ ತೀರ ಕಳಪೆಯಾಗಿ ಕಂಡಿತು. ವರ್ಷಗಟ್ಟಲೆ ದುಡಿದು ಬರೆದ ಗ್ರಂಥವನ್ನು ಆ ರೂಪದಲ್ಲಿ ಹೊರತರಲು ಅವರ ಮನಸ್ಸು ಒಪ್ಪಲಿಲ್ಲ. ಅವರು ಬರವಣಿಗೆಯನ್ನು ಬದಿಗಿರಿಸಿ, ಪುಟ ಜೋಡಿಸುವ ‘ಟೆಕ್’ ಎಂಬ ಕ್ರಮವಿಧಿಯನ್ನು ರಚಿಸಲು ತೊಡಗಿದರು. ಬೇಗನೆ ಮುಗಿಯುವುದೆಂದು ಎಣಿಸಿದ್ದ ಆ ಕೆಲಸ ಹತ್ತು ವರ್ಷಗಳಿಗೂ ಮೀರಿ ಬೆಳೆಯಿತು. ಆದರೆ 1981ರಲ್ಲಿ ಆ ಸಂಪುಟದ ಎರಡನೆಯ ಆವೃತ್ತಿ ಟೆಕ್‌ನಿಂದಲೇ ಜೋಡಣೆಗೊಂಡು ಪ್ರಕಟವಾಯಿತು. ತಮ್ಮ ಸೃಷ್ಟಿಯನ್ನು ಕನೂತ್ ಅವರು ಎಲ್ಲರ ಬಳಕೆಗೂ ಉಚಿತವಾಗಿ ಬಿಟ್ಟುಕೊಟ್ಟರು.

ಟೆಕ್ ಬಳಸುವ ಲೇಖಕನಿಗೆ ಬೇಕಾದುದು ಒಂದು ಸರಳ ಎಡಿಟರ್ ಮಾತ್ರ. ಅದು ಅಕ್ಷರಗಳನ್ನು ಬರೆಯಲು, ತಿದ್ದಲು, ಹುಡುಕಲು ನೆರವಾಗುವುದೇ ಹೊರತು ಅವುಗಳಿಗೆ ಬಣ್ಣವನ್ನಾಗಲಿ ಗಾತ್ರವನ್ನಾಗಲಿ ಕೊಡುವುದಿಲ್ಲ. ಲೇಖಕನು ಬರಹದ ನಡುವೆಯೇ ‘ಇಲ್ಲಿ ಅಧ್ಯಾಯ ಆರಂಭ’, ‘ಇದು ಅಡಿಟಿಪ್ಪಣಿ’ ಎಂಬ ಅರ್ಥದ ಸಂಕೇತಗಳನ್ನು ಸೇರಿಸುತ್ತಾನೆ. ಆ ಸಂಕೇತಗಳನ್ನು ಓದಿ ಪುಟವನ್ನು ರೂಪಿಸುವುದು ಯಂತ್ರದ ಕೆಲಸ. ಟೆಕ್ ಒಂದೊಂದೇ ಸಾಲನ್ನು ನೋಡಿ ಮುರಿಯುವುದಿಲ್ಲ. ಇಡೀ ಪರಿಚ್ಛೇದವನ್ನು ಒಟ್ಟಾಗಿ ಪರಿಶೀಲಿಸಿ, ಪದಗಳ ನಡುವಣ ಅಂತರ ಹಿತವಾಗಿ ಕಾಣುವಂತೆ ಸಾಲುಗಳನ್ನು ವಿಂಗಡಿಸುತ್ತದೆ. 2004ರಲ್ಲಿ ಜಾನ್ ಗ್ರೂಬರ್ ಅವರು ಪ್ರಕಟಿಸಿದ ‘ಮಾರ್ಕ್‌ಡೌನ್’ ಪದ್ಧತಿಯು ಇನ್ನೂ ಸುಲಭ. ಸಾಲಿನ ಮೊದಲಲ್ಲಿ # ಚಿಹ್ನೆಯನ್ನಿಟ್ಟರೆ ಅದು ಶೀರ್ಷಿಕೆ, ಎರಡನ್ನಿಟ್ಟರೆ ಉಪಶೀರ್ಷಿಕೆ, ನಡುವೆ ಒಂದು ಸಾಲು ಖಾಲಿ ಬಿಟ್ಟರೆ ಹೊಸ ಪರಿಚ್ಛೇದ.

ಒಂದು ಪುಟದ ಆಮಂತ್ರಣ ಪತ್ರಿಕೆಗೆ ಇಷ್ಟೆಲ್ಲ ಏರ್ಪಾಡು ಬೇಕಿಲ್ಲ. ಬರಹ ದೀರ್ಘವಾದಷ್ಟೂ ಇದರ ಬೆಲೆ ತಿಳಿಯುತ್ತದೆ. ಅಧ್ಯಾಯಗಳನ್ನು ಬೇರೆ ಬೇರೆ ಕಡತಗಳಲ್ಲಿ ಬರೆದು ಕೊನೆಯಲ್ಲಿ ಒಂದುಗೂಡಿಸಬಹುದು. ಮೂರನೆಯ ಅಧ್ಯಾಯವನ್ನು ಐದನೆಯದಾಗಿಸಿದರೆ, ಟೆಕ್ ಆಧಾರದ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಅವರು ಕಟ್ಟಿದ ‘ಲಾಟೆಕ್’ ಕ್ರಮದಲ್ಲಿ ಅಧ್ಯಾಯಗಳ ಸಂಖ್ಯೆ, ಚಿತ್ರಗಳ ಸಂಖ್ಯೆ, ಪರಿವಿಡಿ ಎಲ್ಲವೂ ತಾವಾಗಿಯೇ ಸರಿಹೊಂದುತ್ತವೆ. ಶೀರ್ಷಿಕೆಗಳ ಗಾತ್ರವನ್ನು ಬದಲಿಸಬೇಕೆನಿಸಿದರೆ ಒಂದೆಡೆ ತಿದ್ದಿದರೆ ಸಾಕು, ಗ್ರಂಥದುದ್ದಕ್ಕೂ ಬದಲಾಗುತ್ತದೆ.

ಇದಕ್ಕಿಂತ ಮಿಗಿಲಾದ ಪ್ರಯೋಜನವೆಂದರೆ ಬರಹದ ಬಾಳಿಕೆ. ಇದನ್ನು ಕನ್ನಡಿಗರು ಅನುಭವದಿಂದ ಬಲ್ಲರು. ಯೂನಿಕೋಡ್ ಬಳಕೆ ಹರಡುವ ಮುನ್ನ ಒಂದೊಂದು ತಂತ್ರಾಂಶವೂ ಕನ್ನಡವನ್ನು ತನ್ನದೇ ಅಕ್ಷರವಿನ್ಯಾಸಕ್ಕೆ ಕಟ್ಟಿಹಾಕಿ ಉಳಿಸುತ್ತಿತ್ತು. ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಪರಕೀಯ ಚಿಹ್ನೆಗಳು ಕಾಣುತ್ತಿದ್ದವು. ಅಲಂಕಾರವನ್ನು ನೆಚ್ಚಿದ್ದ ಅಕ್ಷರ ಅಲಂಕಾರದೊಡನೆಯೇ ಅಳಿಯಿತು. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಅದರಲ್ಲಿ ‘ಕ’ ಅಕ್ಷರಕ್ಕೆ 3221 ಎಂಬ ಸಂಖ್ಯೆ ಗೊತ್ತಾಗಿದೆ. ಅಕ್ಷರದ ಆಕಾರ ಹೇಗೇ ಇರಲಿ, ಆ ಸಂಖ್ಯೆ ಬದಲಾಗದು.

ಅಲಂಕಾರವು ಬೇಡವೆಂದಲ್ಲ. ಅಂದವಾದ ಪುಟಕ್ಕಾಗಿ ಕನೂತ್ ಅವರು ತಮ್ಮ ಬಾಳಿನ ಅಮೂಲ್ಯ ವರ್ಷಗಳನ್ನೇ ಸವೆಸಿದರು. ಆದರೆ ಉಡುಪು ಕಾಲಕಾಲಕ್ಕೆ ಬದಲಾಗಬಲ್ಲುದು. ಅದನ್ನು ತೊಟ್ಟವನು ಉಳಿಯಬೇಕು. ಬರಹದ ತಿರುಳನ್ನು ಸರಳವಾಗಿ ಕಾಪಾಡಿಕೊಂಡವನು ಮುಂದಿನ ಯಾವ ಯಂತ್ರಕ್ಕೂ ಅಂಜಬೇಕಾಗಿಲ್ಲ.