‘ಚಲೋ ಓದೂದು’ ಅಂದರೆ ಎಷ್ಟು?

ಮಕ್ಕಳೇ, ಇತ್ತೀಚೆಗೆ ಸವಣೂರು ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ಹೋಗಿದ್ದೆ. ಏಳನೇ ತರಗತಿಯಲ್ಲಿ ಉಷ್ಣತಾಮಾಪಕದ ಪಾಠ ಮುಗಿಯಿತು. ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷವಿತ್ತು. “ದೊಡ್ಡವರಾದ ಮೇಲೆ ಏನಾಗುತ್ತೀರಿ?” ಎಂದು ಕೇಳಿದೆ. “ಡಾಕ್ಟರ್ ಆಗ್ತೇನ್ರಿ ಸರ್”, “ಪೊಲೀಸ್ರಿ”, “ಮಿಲಿಟರಿಗೆ ಹೋಗ್ತೇನ್ರಿ” ಎಂದು ಎಲ್ಲರೂ ಒಟ್ಟಿಗೇ ಕೂಗಿದರು. “ಸರಿ, ಡಾಕ್ಟರ್ ಆಗಬೇಕಾದರೆ ಹತ್ತನೇ ತರಗತಿಯಾದ ಮೇಲೆ ಏನು ಓದಬೇಕು?” ಎಂದೆ. ಇಡೀ ತರಗತಿ ಗಪ್‌ಚಿಪ್! ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಮೊದಲ ಪ್ರಶ್ನೆಗೂ ಬಾಯಿ ಬಿಟ್ಟಿರಲಿಲ್ಲ. “ನಿನ್ನ ಗುರಿ ಏನವ್ವಾ?” ಎಂದರೆ, “ಚಲೋ ಓದೂದ್ರಿ ಸರ್” ಎಂದಳು.

ತಪ್ಪು ಉತ್ತರವೇನಲ್ಲ. ಆದರೆ ಅದೇ ದಿನ ನಾವು ಒಂದು ವಿಷಯ ಕಲಿತಿದ್ದೆವು. ‘ಮೈ ಬಹಳ ಬಿಸಿಯಾಗಿದೆ’ ಎಂದರೆ ವೈದ್ಯರಿಗೆ ಸಾಲದು. 100 ಡಿಗ್ರಿಯೋ 103 ಡಿಗ್ರಿಯೋ ಎಂದು ಅಳೆದು ನೋಡಿದ ಮೇಲೆಯೇ ಜ್ವರ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುವುದು. ಹಾಗಾದರೆ ‘ಚಲೋ’ ಎಂದರೆ ಎಷ್ಟು? ಯಾವ ವಿಷಯದಲ್ಲಿ? ಯಾವಾಗಿನೊಳಗೆ? ಇವಕ್ಕೆ ಉತ್ತರವಿಲ್ಲದಿದ್ದರೆ ನಾವು ಮುಂದೆ ಹೋಗುತ್ತಿದ್ದೇವೋ ನಿಂತಲ್ಲೇ ನಿಂತಿದ್ದೇವೋ ಗೊತ್ತಾಗುವುದು ಹೇಗೆ?

ಇದು ಬರೀ ಉಪದೇಶದ ಮಾತೆಂದು ತಿಳಿಯಬೇಡಿ. ವಿಜ್ಞಾನಿಗಳು ಇದನ್ನೂ ಪರೀಕ್ಷಿಸಿ ನೋಡಿದ್ದಾರೆ. ಕೆನಡಾದ ಮನೋವಿಜ್ಞಾನಿ ಗ್ಯಾರಿ ಲೇಥಮ್ ಮತ್ತು ಅವರ ಜೊತೆಗಾರರು 1975ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಅಮೆರಿಕದ ಒಕ್ಲಹೋಮಾ ಎಂಬ ರಾಜ್ಯದಲ್ಲಿ 36 ಮಂದಿ ಚಾಲಕರು ಕಾಡಿನಿಂದ ಕಾರ್ಖಾನೆಗೆ ಲಾರಿಯಲ್ಲಿ ಮರದ ದಿಮ್ಮಿ ಸಾಗಿಸುತ್ತಿದ್ದರು. ನಮ್ಮಲ್ಲಿ ಟ್ರ್ಯಾಕ್ಟರಿಗೆ ಕಬ್ಬು ಹೇರುವುದನ್ನು ನೋಡಿದ್ದೀರಲ್ಲ, ಹಾಗೆ. ಚೀಲವಾದರೆ ಎಣಿಸಬಹುದು; ಕಬ್ಬಿನ ತೂಕವಾಗಲಿ ದಿಮ್ಮಿಯ ತೂಕವಾಗಲಿ ಕಣ್ಣಳತೆಗೆ ಸಿಗುವುದಿಲ್ಲ. ಹೆಚ್ಚಾದರೆ ದಂಡ ಬೀಳುತ್ತದೆ ಎಂಬ ಹೆದರಿಕೆಯೂ ಇರುತ್ತದೆ. ಆ ಚಾಲಕರಿಗೆ ಮೊದಲು ‘ನಿಮ್ಮಿಂದಾದಷ್ಟು ಹೇರಿ’ ಎಂದಷ್ಟೇ ಹೇಳಲಾಗಿತ್ತು. ಲಾರಿಗಳು ಕಾನೂನು ಒಪ್ಪುವ ತೂಕದ ಶೇ. 60ರಷ್ಟನ್ನು ಮಾತ್ರ ಹೊತ್ತು ಬರುತ್ತಿದ್ದವು. ಆಮೇಲೆ ‘ಶೇ. 94 ಗುರಿ’ ಎಂದು ಒಂದು ಅಂಕಿ ಕೊಟ್ಟರು. ಹೆಚ್ಚು ಕೂಲಿ ಇಲ್ಲ, ಬಹುಮಾನ ಇಲ್ಲ, ಗುರಿ ತಪ್ಪಿದರೆ ಶಿಕ್ಷೆಯೂ ಇಲ್ಲ. ಕೆಲವೇ ತಿಂಗಳಲ್ಲಿ ಹೊರೆ ಶೇ. 90 ದಾಟಿತು!

ಅದೇ ಲಾರಿ, ಅದೇ ಜನ. ಬದಲಾದದ್ದೇನು? ಅಂಕಿ ಕೈಗೆ ಬಂದಮೇಲೆ ಚಾಲಕರು ಯೋಚಿಸತೊಡಗಿದರು. ತೂಕವನ್ನು ಸರಿಯಾಗಿ ಅಂದಾಜು ಮಾಡಲು ಲಾರಿಯಲ್ಲಿ ಇಂತಿಂಥ ಸಣ್ಣ ಬದಲಾವಣೆ ಬೇಕು ಎಂದು ತಾವೇ ಸೂಚಿಸಿದರು. ‘ನಿಮ್ಮಿಂದಾದಷ್ಟು’ ಎಂದಾಗ ಯಾರಿಗೂ ಅದು ಹೊಳೆದಿರಲಿಲ್ಲ ನೋಡಿ.

ಮಾಡಿ ನೋಡಿ

ಇದನ್ನು ನಿಮ್ಮ ತರಗತಿಯಲ್ಲೇ ಪರೀಕ್ಷಿಸಬಹುದು. ಎಲ್ಲರೂ ಐದು ನಿಮಿಷ ಗುಣಾಕಾರದ ಲೆಕ್ಕ ಮಾಡಿ, ಸರಿಯಾದವನ್ನು ಎಣಿಸಿ ಬರೆದಿಡಿ. ಚೀಟಿ ಎತ್ತಿ ಎರಡು ಗುಂಪುಗಳಾಗಿ. ಒಂದು ಗುಂಪಿಗೆ ಶಿಕ್ಷಕರು “ನಿಮ್ಮಿಂದಾದಷ್ಟು ಮಾಡಿ” ಎನ್ನಲಿ. ಇನ್ನೊಂದು ಗುಂಪನ್ನು ಬೇರೆಡೆ ಕರೆದು, “ಮೊದಲು ಮಾಡಿದ್ದಕ್ಕಿಂತ ಮೂರು ಲೆಕ್ಕ ಹೆಚ್ಚು ಮಾಡಿ” ಎನ್ನಲಿ. ಮತ್ತೆ ಐದು ನಿಮಿಷ, ಹೊಸ ಲೆಕ್ಕಗಳು, ಆದರೆ ಅಷ್ಟೇ ಕಷ್ಟದವು. ಯಾವ ಗುಂಪಿನಲ್ಲಿ ಏರಿಕೆ ಹೆಚ್ಚು?

ಒಂದೇ ಗುಂಪು ಸಾಲದೇ ಎಂದು ಕೇಳಬಹುದು. ಸಾಲದು. ಎರಡನೇ ಸಲ ರೂಢಿಯಾಗಿರುವುದರಿಂದಲೇ ಎಲ್ಲರೂ ಸ್ವಲ್ಪ ಹೆಚ್ಚು ಮಾಡುತ್ತಾರೆ. ಅದು ರೂಢಿಯ ಫಲವೋ ಗುರಿಯ ಫಲವೋ ತಿಳಿಯಲು ಹೋಲಿಕೆಯ ಗುಂಪು ಬೇಕೇ ಬೇಕು. ಫಲಿತಾಂಶ ನಾನು ಹೇಳಿದ್ದಕ್ಕೆ ವಿರುದ್ಧ ಬಂದರೂ ಹಾಗೆಯೇ ಬರೆದಿಡಿ. ಮತ್ತೊಂದು ದಿನ “ಮೂರು” ಬದಲು “ಐವತ್ತು ಹೆಚ್ಚು” ಎಂದು ಹೇಳಿಸಿ ನೋಡಿ. ಕೈಗೆಟುಕದ ಗುರಿ ಕೊಟ್ಟರೆ ಏನಾಗುತ್ತದೆ ಎಂಬುದೂ ತಿಳಿಯುತ್ತದೆ!

ಲೆಕ್ಕಕ್ಕೆ ಸರಿ, ಬದುಕಿಗೂ ಇದು ಹೊಂದುತ್ತದೆಯೇ? ನಮ್ಮ ಪಕ್ಕದ ಶಿಗ್ಗಾಂವಿಯಲ್ಲಿ 1950ರಲ್ಲಿ ಹುಟ್ಟಿದ ಸುಧಾ ಮೂರ್ತಿಯವರ ಹೆಸರು ನೀವು ಕೇಳಿದ್ದೀರಿ. ಅವರ ಕಥೆಗಳನ್ನೂ ಓದಿರಬಹುದು. ‘ಹೆಚ್ಚು ಓದಬೇಕು’ ಎಂದಷ್ಟೇ ಅಲ್ಲ, ‘ಇಂಜಿನಿಯರಿಂಗನ್ನೇ ಓದಬೇಕು’ ಎಂದು ಅವರು ಗಟ್ಟಿಯಾಗಿ ನಿರ್ಧರಿಸಿದ್ದರು. ಆಗ ಹುಡುಗಿಯರು ಆ ಕಡೆ ಸುಳಿಯುತ್ತಿರಲಿಲ್ಲ. ಹುಬ್ಬಳ್ಳಿಯ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜಿಗೆ ಅವರೊಬ್ಬರೇ ವಿದ್ಯಾರ್ಥಿನಿ. ಸೀರೆಯನ್ನೇ ಉಡಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರೊಡನೆ ಮಾತಾಡಬಾರದು ಎಂಬ ಷರತ್ತುಗಳಿದ್ದವು. ಹುಡುಗಿಯರಿಗೆ ಶೌಚಾಲಯವೂ ಇರಲಿಲ್ಲ. ಎಲ್ಲಕ್ಕೂ ಒಪ್ಪಿ ಓದಿದರು.

1974ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದಾಗ ಟೆಲ್ಕೋ ಕಂಪನಿಯ ಜಾಹೀರಾತು ಕಣ್ಣಿಗೆ ಬಿತ್ತು. ಹೆಂಗಸರು ಅರ್ಜಿ ಹಾಕುವಂತಿಲ್ಲ ಎಂದು ಅದರಲ್ಲಿತ್ತು. ಸಿಟ್ಟು ಬಂದು ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್‌ಕಾರ್ಡ್ ಬರೆದರು. ಪುಣೆಯಲ್ಲಿ ಸಂದರ್ಶನಕ್ಕೆ ಕರೆ ಬಂತು, ಟೆಲ್ಕೋದ ಮೊದಲ ಮಹಿಳಾ ಇಂಜಿನಿಯರ್ ಆದರು. ವಿಶೇಷವೆಂದರೆ, ಅದಕ್ಕೂ ಮೊದಲು ಅಮೆರಿಕಕ್ಕೆ ಹೋಗಿ ಪಿಎಚ್.ಡಿ. ಮಾಡಬೇಕೆಂಬುದು ಅವರ ಗುರಿಯಾಗಿತ್ತು. ವಿದ್ಯಾರ್ಥಿವೇತನವೂ ಸಿಕ್ಕಿತ್ತು. ಆ ಗುರಿಯನ್ನು ಬಿಟ್ಟು ಈ ಕೆಲಸ ಹಿಡಿದರು. ಗುರಿ ಬದಲಾದರೆ ತಪ್ಪೇನಿಲ್ಲ. ಗೊತ್ತಿದ್ದು ಬದಲಾಯಿಸಬೇಕು, ಅಷ್ಟೇ.

ಅವರ ತಂದೆ ವೈದ್ಯರಾಗಿದ್ದರು ಎಂಬುದನ್ನೂ ಹೇಳಬೇಕು. ಎಲ್ಲರ ಮನೆಯೂ ಹಾಗಿರುವುದಿಲ್ಲ. ಮನೆಯಲ್ಲಿ ದಾರಿ ಹೇಳುವವರಿಲ್ಲದಿದ್ದರೆ ಗುರಿ ಬರೆದಿಟ್ಟರೆ ಮಾತ್ರ ಸಾಲದು, ದಾರಿಯನ್ನು ಕೇಳಿ ತಿಳಿಯಬೇಕು. ಉದಾಹರಣೆಗೆ ಎನ್.ಎಂ.ಎಂ.ಎಸ್. ಪರೀಕ್ಷೆ. ನಿಮ್ಮಂಥ ಸರ್ಕಾರಿ ಶಾಲೆಯ ಮಕ್ಕಳು ಎಂಟನೇ ತರಗತಿಯಲ್ಲಿ ಇದನ್ನು ಬರೆಯಬಹುದು. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಹೈಸ್ಕೂಲಿಗೆ ಕಳಿಸಲು ಹಿಂದೆಮುಂದೆ ನೋಡುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಎರಡು ಪತ್ರಿಕೆ, ಒಂದೊಂದರಲ್ಲಿ 90 ಪ್ರಶ್ನೆ. ಹಳೆಯ ಪ್ರಶ್ನೆಪತ್ರಿಕೆ ಶಿಕ್ಷಕರಲ್ಲಿ ಸಿಗುತ್ತದೆ. ದಿನಕ್ಕೆ ಐದು ಪ್ರಶ್ನೆ ಬಿಡಿಸಿದರೆ 36 ದಿನಕ್ಕೆ ಒಂದು ಸುತ್ತು ಮುಗಿಯಿತು.

ಆ ಹಿಂದಿನ ಸಾಲಿನ ಹುಡುಗಿಯ ಮಾತು ಅರ್ಧಕ್ಕೇ ನಿಂತಿತಲ್ಲವೇ? ಗಂಟೆ ಹೊಡೆದ ಮೇಲೆ ಅವಳು ನನ್ನ ಬಳಿ ಬಂದು, “ದನದ ಡಾಕ್ಟರ್ ಆಗಾಕ ಏನ್ ಓದ್ಬೇಕ್ರಿ ಸರ್?” ಎಂದಳು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಅವರ ಮನೆಯ ಒಂದು ಎತ್ತು ಸತ್ತಿತ್ತಂತೆ. ನಾನು ಹೇಳುತ್ತಾ ಹೋದೆ, ಅವಳು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಳ್ಳುತ್ತಾ ಹೋದಳು: ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಜೀವಶಾಸ್ತ್ರವಿರುವ ವಿಜ್ಞಾನ ವಿಭಾಗ, ಪ್ರವೇಶ ಪರೀಕ್ಷೆ, ಆಮೇಲೆ ಐದೂವರೆ ವರ್ಷದ ಪಶುವೈದ್ಯಕೀಯ ಪದವಿ. ಅದನ್ನು ಕೊಡುವ ವಿಶ್ವವಿದ್ಯಾಲಯ ನಮ್ಮ ರಾಜ್ಯದಲ್ಲೇ, ಬೀದರಿನಲ್ಲಿದೆ ಎಂದೆ. “ಈಗ ನಿನಗೆ ಯಾವ ಪಾಠ ಕಷ್ಟ?” ಎಂದು ಕೇಳಿದೆ. “ಭಿನ್ನರಾಶಿರಿ” ಎಂದಳು. ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ನಿಂತು, ಎಲ್ಲಕ್ಕಿಂತ ಕೆಳಗೆ ತಾನೇ ಇನ್ನೊಂದು ಸಾಲು ಬರೆದಳು: ‘ಭಿನ್ನರಾಶಿ ಭಾಗಾಕಾರ, ಹತ್ತು ಲೆಕ್ಕ, ಶುಕ್ರವಾರದೊಳಗೆ’.