ಮುಂದೆ ನಾಲ್ಕು ಇಂಚು, ಹಿಂದೆ ಆರು ಇಂಚು

ಹಳೆಯ ಅಮೆರಿಕನ್ ಪಿಕಪ್‌ಗಳನ್ನು ಬಿಚ್ಚಿ ಮತ್ತೆ ಕಟ್ಟುವವರ ನಡುವೆ ‘ನಾಲ್ಕು–ಆರು’ ಎಂಬ ಲೆಕ್ಕ ಬಹಳ ಚಾಲ್ತಿಯಲ್ಲಿದೆ. ಗಾಡಿಯ ಮೂತಿಯನ್ನು ನಾಲ್ಕು ಇಂಚು, ಹಿಂಭಾಗವನ್ನು ಆರು ಇಂಚು ನೆಲದತ್ತ ಇಳಿಸಲಾಗಿದೆ ಎಂದು ಅದರ ಅರ್ಥ. 1967ರಿಂದ 1972ರವರೆಗೆ ತಯಾರಾದ ಷೆವರ್ಲೆ ಸಿ-10 ಈ ಕೆಲಸಕ್ಕೆ ಹೆಸರಾದ ಗಾಡಿ. ‘ಸಿ’ ಎಂದರೆ ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಮಾತ್ರ. ‘10’ ಎಂದರೆ ಅರ್ಧ ಟನ್ ಹೊರುವ ವರ್ಗ. ಹೊಲದಲ್ಲೂ ಕಟ್ಟಡದ ಕೆಲಸದಲ್ಲೂ ದುಡಿಯಲೆಂದು ಹುಟ್ಟಿದ ಈ ವಾಹನ ಈಗ ಕ್ಯಾಲಿಫೋರ್ನಿಯಾ, ಟೆಕ್ಸಸ್‌ಗಳ ಗ್ಯಾರೇಜುಗಳಲ್ಲಿ ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿ ನಿಂತಿರುತ್ತದೆ.

ಸ್ಪ್ರಿಂಗ್ ಗಿಡ್ಡ ಮಾಡಿದರೆ ಗಾಡಿ ಇಳಿಯುತ್ತದೆ, ಅದರಲ್ಲೇನು ವಿಶೇಷ ಎನ್ನಿಸಬಹುದು. ಆದರೆ ಇಳಿದ ಪ್ರತಿ ಇಂಚೂ ಗಾಡಿಯ ಯಾವುದೋ ಒಂದು ಭಾಗದಿಂದ ಕಿತ್ತುಕೊಂಡದ್ದು. ಎಲ್ಲಿಂದ ಕಿತ್ತುಕೊಂಡೆವು ಎಂಬುದು ತಿಳಿದು ಕಟ್ಟಿದ ಗಾಡಿಯೂ ತಿಳಿಯದೆ ಕಟ್ಟಿದ ಗಾಡಿಯೂ ನಿಂತಲ್ಲಿ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ಮೊದಲ ಹಳ್ಳದಲ್ಲಿ, ಇಲ್ಲವೇ ಮೊದಲ ತಿರುವಿನಲ್ಲಿ.

ಮೊದಲು, ಪಿಕಪ್ ಅಷ್ಟು ಎತ್ತರ ಏಕಿರುತ್ತದೆ ಎಂಬುದನ್ನು ನೋಡೋಣ. ಖಾಲಿ ಪಿಕಪ್‌ನ ಹಿಂಭಾಗ ಕೊಂಚ ಮೇಲೆದ್ದಿರುವುದು ಶೋಕಿಗಲ್ಲ. ಸರಕು ತುಂಬಿದಾಗ ಅದು ಇಳಿಯಬೇಕು, ಇಳಿದ ಮೇಲೂ ಹಳ್ಳ ದಿಣ್ಣೆಗಳಿಗೆ ಇನ್ನಷ್ಟು ಕುಗ್ಗುವ ಜಾಗ ಉಳಿದಿರಬೇಕು. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: 500 ಕೆ.ಜಿ. ಸರಕು ಹೇರಿದರೆ ಹಿಂಭಾಗ 10 ಸೆಂ.ಮೀ. ಇಳಿಯುತ್ತದೆ, ಖಾಲಿ ಇದ್ದಾಗ ಹಿಂದಿನ ಸ್ಪ್ರಿಂಗ್‌ಗಳ ಮೇಲಿರುವ ಭಾರ 400 ಕೆ.ಜಿ. ಆಗ ಖಾಲಿ ಗಾಡಿಯ ಹಿಂಭಾಗ ಸೆಕೆಂಡಿಗೆ ಸುಮಾರು 1.8 ಸಲ ಕುಪ್ಪಳಿಸುತ್ತದೆ, ತುಂಬಿದ ಗಾಡಿ 1.2 ಸಲ. ಸರಕಿಲ್ಲದ ಪಿಕಪ್‌ನಲ್ಲಿ ಕೂತವರಿಗೆ ಬೆನ್ನು ನೋಯುವುದೂ ತುಂಬಿದ ಮೇಲೆ ಅದೇ ಗಾಡಿ ಮೆತ್ತಗೆ ಓಡುವುದೂ ಇದೇ ಕಾರಣಕ್ಕೆ. ಹಿಂದೆ ಆರು, ಮುಂದೆ ನಾಲ್ಕು ಇಳಿಸಿದರೆ ಗಾಡಿ ಸಮತಟ್ಟಾಗಿ ನಿಲ್ಲುತ್ತದೆ. ಆ ಹೆಚ್ಚುವರಿ ಎರಡು ಇಂಚು ಬಂದದ್ದು ಸರಕಿಗೆಂದು ಮೀಸಲಿಟ್ಟ ಎತ್ತರದಿಂದ. ಅಂದರೆ ತಗ್ಗಿಸಿದ ಪಿಕಪ್ ಹೊರುವ ಕೆಲಸಕ್ಕೆ ಬಹುಮಟ್ಟಿಗೆ ವಿದಾಯ ಹೇಳಿದ ಹಾಗೆಯೇ.

ಸ್ಪ್ರಿಂಗಿನ ಗಣಿತದಲ್ಲಿ ನನಗೆ ತುಂಬ ಇಷ್ಟವಾದ ಸಂಗತಿಯೊಂದಿದೆ. ಗಾಡಿ ಎಷ್ಟು ಭಾರ, ಸ್ಪ್ರಿಂಗ್ ಎಷ್ಟು ದಪ್ಪ ಎಂದು ಯಾರನ್ನೂ ಕೇಳಬೇಕಿಲ್ಲ. ತನ್ನ ಮೇಲಿನ ಭಾರಕ್ಕೆ ಅದು ಎಷ್ಟು ಕುಗ್ಗಿ ಕೂತಿದೆ ಎಂಬುದೊಂದು ಗೊತ್ತಾದರೆ ಗಾಡಿಯ ಮೈ ಯಾವ ವೇಗದಲ್ಲಿ ಮೇಲೆ ಕೆಳಗೆ ಆಡುತ್ತದೆ ಎಂದು ಹೇಳಿಬಿಡಬಹುದು. 25 ಸೆಂ.ಮೀ. ಕುಗ್ಗಿದ್ದರೆ ಸೆಕೆಂಡಿಗೆ ಒಂದು ಸಲ, 10 ಸೆಂ.ಮೀ. ಆದರೆ 1.6 ಸಲ, 6 ಸೆಂ.ಮೀ. ಆದರೆ ಎರಡು ಸಲ. ನಡಿಗೆಯ ಲಯಕ್ಕೆ ಹತ್ತಿರವಿರುವ ಒಂದು–ಒಂದೂವರೆಯ ಆಸುಪಾಸು ನಮ್ಮ ದೇಹಕ್ಕೆ ಹಿತ. ಕೂತ ಮನುಷ್ಯನನ್ನು ಬಹಳ ಹಿಂಸಿಸುವ ಕುಲುಕಾಟ ಸೆಕೆಂಡಿಗೆ ನಾಲ್ಕರಿಂದ ಎಂಟರ ನಡುವಿನದು. ಸ್ಪ್ರಿಂಗ್ ಬಿಗಿಯಾದಷ್ಟೂ ಗಾಡಿ ಆ ಕಡೆಗೆ ಸರಿಯುತ್ತದೆ.

ಜನರಲ್ ಮೋಟಾರ್ಸ್‌ನಲ್ಲಿ 1930ರ ದಶಕದಲ್ಲಿ ಕೆಲಸ ಮಾಡಿದ ಮಾರಿಸ್ ಆಲಿ ಎಂಬ ಎಂಜಿನಿಯರ್ ಇನ್ನೊಂದು ಸೂಕ್ಷ್ಮವನ್ನು ಕಂಡುಕೊಂಡರು. ದಿಣ್ಣೆ ಮೊದಲು ಸಿಗುವುದು ಮುಂದಿನ ಚಕ್ರಕ್ಕೆ, ಆಮೇಲೆ ಹಿಂದಿನದಕ್ಕೆ. ಗಿಡ್ಡ ಸಿ-10ರ ಎರಡು ಆಕ್ಸಲ್‌ಗಳ ನಡುವಿನ ಅಂತರ 115 ಇಂಚು, ಅಂದರೆ ಸುಮಾರು 2.9 ಮೀಟರ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹಿಂದಿನ ಚಕ್ರ ಅದೇ ದಿಣ್ಣೆಗೆ ಬರುವುದು 0.17 ಸೆಕೆಂಡ್ ತಡವಾಗಿ. ಹಿಂಭಾಗ ಮುಂಭಾಗಕ್ಕಿಂತ ತುಸು ಚುರುಕಾಗಿ ಕುಪ್ಪಳಿಸುವಂತಿದ್ದರೆ ಈ ತಡವನ್ನು ತುಂಬಿಕೊಂಡು ಎರಡೂ ತುದಿಗಳು ಬೇಗ ಹೊಂದಿಕೊಳ್ಳುತ್ತವೆ. ಗಾಡಿ ಮೂತಿ ಎತ್ತುವುದು, ಬಾಲ ಎತ್ತುವುದು ನಿಲ್ಲುತ್ತದೆ. ಕೈಗೆ ಸಿಕ್ಕ ಸ್ಪ್ರಿಂಗ್ ಹಾಕಿದವರು ಈ ಹೊಂದಾಣಿಕೆಯನ್ನು ತಿಳಿಯದೆಯೇ ಕಳೆದುಕೊಳ್ಳುತ್ತಾರೆ.

ತಗ್ಗಿಸುವ ಅತ್ಯಂತ ಅಗ್ಗದ ದಾರಿ ಕಾಯಿಲ್ ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸುವುದು. ಕಾಯಿಲ್ ಸ್ಪ್ರಿಂಗ್ ಎಂದರೆ ಸುರುಳಿ ಸುತ್ತಿದ ಉಕ್ಕಿನ ಸರಳು. ಭಾರ ಬಿದ್ದಾಗ ಆ ಸರಳು ತನ್ನುದ್ದಕ್ಕೂ ತಿರುಚಿಕೊಳ್ಳುತ್ತದೆ. ಸುತ್ತು ಕಡಿಮೆಯಾದರೆ ತಿರುಚಿಕೊಳ್ಳಲು ಇರುವ ಉದ್ದವೂ ಕಡಿಮೆ, ಹಾಗಾಗಿ ಸ್ಪ್ರಿಂಗ್ ಬಿಗಿಯಾಗುತ್ತದೆ. ಕೆಲಸ ಮಾಡುವ ಎಂಟು ಸುತ್ತುಗಳಲ್ಲಿ ಒಂದನ್ನು ತೆಗೆದರೆ ಬಿಗಿತ ಏರುವುದು ಶೇ 14ರಷ್ಟು. ಕೇಳಲು ಸಾಕಷ್ಟು ಅನ್ನಿಸುತ್ತದೆ, ಸಾಲುವುದಿಲ್ಲ. ಹಳ್ಳದ ಹೊಡೆತದ ಶಕ್ತಿಯನ್ನು ಸ್ಪ್ರಿಂಗ್ ನುಂಗುವುದು ಕುಗ್ಗಿದ ದೂರದ ವರ್ಗಕ್ಕೆ ಅನುಗುಣವಾಗಿ. ಕುಗ್ಗಲು ಇರುವ ಜಾಗ ಅರ್ಧಕ್ಕೆ ಇಳಿದರೆ ಅದೇ ಹೊಡೆತವನ್ನು ತಾಳಲು ನಾಲ್ಕು ಪಟ್ಟು ಬಿಗಿ ಬೇಕು. ಶೇ 14 ಎಲ್ಲಿ, ಶೇ 300 ಎಲ್ಲಿ! ಉಳಿದ ಹೊಡೆತವನ್ನು ಕೊನೆಯಲ್ಲಿರುವ ರಬ್ಬರ್ ತಡೆ ತಿನ್ನುತ್ತದೆ, ಅದೂ ಸೋತರೆ ಚಾಸಿ ತಿನ್ನುತ್ತದೆ. ಗ್ಯಾಸ್ ಕಟರ್‌ನಿಂದ ಕೊಯ್ದರಂತೂ ಉಕ್ಕಿಗೆ ಕೊಟ್ಟ ಹದವೇ ಆ ಜಾಗದಲ್ಲಿ ಹಾಳಾಗುತ್ತದೆ. ಗಿಡ್ಡ ಸ್ಪ್ರಿಂಗ್ ಚಕ್ರ ಪೂರ್ತಿ ಇಳಿಬಿದ್ದಾಗ ತನ್ನ ಗೂಡಿನಿಂದ ಕಳಚಿಕೊಳ್ಳುವ ಭಯವೂ ಇದೆ.

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉತ್ತರ ಬಲು ಸೊಗಸಾದದ್ದು. ಸಿ-10ರ ಮುಂದಿನ ಪ್ರತಿ ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತವೆ. ಎರಡು ತೋಳುಗಳ ತುದಿಯಲ್ಲಿ, ಬಾಲ್ ಜಾಯಿಂಟ್‌ಗಳ ನಡುವೆ ಸ್ಪಿಂಡಲ್ ಎಂಬ ಗಟ್ಟಿ ಉಕ್ಕಿನ ತುಂಡು ನಿಂತಿರುತ್ತದೆ. ಅದರಿಂದ ಹೊರಚಾಚಿದ ಗೂಟದ ಮೇಲೆ ಚಕ್ರ ತಿರುಗುತ್ತದೆ. ಆ ಗೂಟವನ್ನೇ ಎರಡೂವರೆ ಇಂಚು ಮೇಲಕ್ಕೆ ಇಟ್ಟು ಹೊಸ ಸ್ಪಿಂಡಲ್, ಅಂದರೆ ‘ಡ್ರಾಪ್ ಸ್ಪಿಂಡಲ್’, ಮಾಡಿದರೆ? ಚಕ್ರ ನೆಲ ಬಿಟ್ಟು ಏಳಲಾರದು, ಆದ್ದರಿಂದ ಗಾಡಿಯೇ ಎರಡೂವರೆ ಇಂಚು ಇಳಿಯುತ್ತದೆ. ಸ್ಪ್ರಿಂಗಿಗೆ ಇದರ ಸುಳಿವೂ ಇಲ್ಲ. ಅದು ಕುಗ್ಗುವ ಜಾಗ, ತೋಳುಗಳ ಕೋನ ಎಲ್ಲವೂ ಮೊದಲಿನಂತೆಯೇ. ಕಿತ್ತುಕೊಂಡದ್ದು ಚಾಸಿಗೂ ನೆಲಕ್ಕೂ ನಡುವಿನ ಖಾಲಿ ಜಾಗವನ್ನಷ್ಟೆ. ಉಳಿದ ಒಂದೂವರೆ ಇಂಚಿಗೆ, ಅದಕ್ಕೆಂದೇ ಲೆಕ್ಕ ಹಾಕಿ ತಯಾರಿಸಿದ ಗಿಡ್ಡ ಸ್ಪ್ರಿಂಗ್ ಬಳಸಿದರೆ ಮುಂದಿನ ನಾಲ್ಕು ಪೂರ್ತಿಯಾಯಿತು.

ತೋಳುಗಳ ಕೋನ ಬದಲಾಗದಿರುವುದು ಏಕೆ ಮುಖ್ಯ ಎಂದು ಹೇಳಲೇಬೇಕು, ಏಕೆಂದರೆ ಇಲ್ಲಿ ಸಾಮಾನ್ಯ ನಂಬಿಕೆಯೊಂದು ತಲೆಕೆಳಗಾಗುತ್ತದೆ. ಗಾಡಿ ತಗ್ಗಿದರೆ ಗುರುತ್ವ ಕೇಂದ್ರವೂ ತಗ್ಗುತ್ತದೆ, ತಿರುವಿನಲ್ಲಿ ಒಂದು ಬದಿಯ ಚಕ್ರಗಳಿಂದ ಇನ್ನೊಂದು ಬದಿಗೆ ವರ್ಗಾವಣೆಯಾಗುವ ಭಾರ ಕಡಿಮೆಯಾಗುತ್ತದೆ ಎಂಬುದು ನಿಜ. 1,700 ಕೆ.ಜಿ. ಗಾಡಿ, ಎಡ ಬಲ ಚಕ್ರಗಳ ನಡುವೆ 1.6 ಮೀಟರ್, ತಿರುವಿನ ಒತ್ತಡ ಗುರುತ್ವದ ಶೇ 40 ಎಂದುಕೊಂಡರೆ, ಗುರುತ್ವ ಕೇಂದ್ರ 65 ಸೆಂ.ಮೀ. ಎತ್ತರದಲ್ಲಿದ್ದಾಗ 276 ಕೆ.ಜಿ. ವರ್ಗವಾಗುತ್ತದೆ, 53 ಸೆಂ.ಮೀ.ಗೆ ಇಳಿದಾಗ 225 ಕೆ.ಜಿ. ಆದರೆ ಗಾಡಿಯ ಮೈ ವಾಲುವುದು ಇನ್ನೊಂದು ಬಿಂದುವನ್ನು ಹಿಡಿದು. ತೋಳುಗಳ ಕೋನದಿಂದ ನಿರ್ಧಾರವಾಗುವ ಆ ಬಿಂದುವನ್ನು ರೋಲ್ ಸೆಂಟರ್ ಎನ್ನುತ್ತಾರೆ. ಬರೀ ಸ್ಪ್ರಿಂಗ್ ಗಿಡ್ಡ ಮಾಡಿದಾಗ ತೋಳುಗಳು ಮೇಲ್ಮುಖವಾಗಿ, ಈ ಬಿಂದು ಗುರುತ್ವ ಕೇಂದ್ರಕ್ಕಿಂತ ಹೆಚ್ಚು ಕೆಳಗೆ ಜಾರಿಬಿಡಬಹುದು. ಎರಡರ ನಡುವಿನ ಅಂತರ ಹೆಚ್ಚಿದರೆ ಗಾಡಿಯನ್ನು ವಾಲಿಸುವ ಸನ್ನೆಯೂ ಉದ್ದವಾಗುತ್ತದೆ. ತಗ್ಗಿಸಿದ ಗಾಡಿ ಮೊದಲಿಗಿಂತ ಹೆಚ್ಚು ವಾಲುವ ಈ ವಿಚಿತ್ರ ಡ್ರಾಪ್ ಸ್ಪಿಂಡಲ್‌ನಲ್ಲಿ ಇಲ್ಲ.

ಹಿಂಭಾಗದ ಕಥೆ ಬೇರೆ. ಆ ಕಾಲದ ಪಿಕಪ್‌ಗಳಲ್ಲಿ ಹೆಚ್ಚಿನವಕ್ಕೆ ಹಿಂದೆ ಲಾರಿಯಂತೆ ಪಟ್ಟಿ ಪಟ್ಟಿಯಾಗಿ ಜೋಡಿಸಿದ ಲೀಫ್ ಸ್ಪ್ರಿಂಗ್ ಇರುತ್ತಿತ್ತು. ಷೆವರ್ಲೆ 1960ರಲ್ಲೇ ಅರ್ಧ ಟನ್ನಿನ ಗಾಡಿಗಳಿಗೆ ಬೇರೆ ದಾರಿ ಹಿಡಿಯಿತು. ಚಾಸಿಯ ನಡುವಿನಿಂದ ಹೊರಟ ಎರಡು ಉದ್ದನೆಯ ಉಕ್ಕಿನ ತೋಳುಗಳು ಹಿಂದಿನ ಆಕ್ಸಲನ್ನು ಹಿಡಿದಿರುತ್ತವೆ, ಅವುಗಳ ಮೇಲೆ ಕಾಯಿಲ್ ಸ್ಪ್ರಿಂಗ್ ಕೂತಿರುತ್ತದೆ. ಈ ಏರ್ಪಾಡು ಎಷ್ಟು ಸರಳ, ಎಷ್ಟು ಗಟ್ಟಿ ಎಂದರೆ ಅಮೆರಿಕದ ನಾಸ್ಕಾರ್ ಓಟದ ಕಾರುಗಳು ‘ಟ್ರಕ್ ಆರ್ಮ್’ ಎಂಬ ಹೆಸರಿನಲ್ಲಿಯೇ ಇದನ್ನು ಎತ್ತಿಕೊಂಡವು, ಅಗ್ರ ಶ್ರೇಣಿಯಲ್ಲಿ 2021ರವರೆಗೂ ಬಳಸಿದವು. ಪಿಕಪ್ ಮಾತ್ರ 1973ರ ಹೊಸ ಮಾದರಿಯಲ್ಲಿ ಲೀಫ್ ಸ್ಪ್ರಿಂಗಿಗೆ ಮರಳಿತು. 67–72ರ ಗಾಡಿಗೆ ಇಂದಿಗೂ ಇಷ್ಟು ಬೇಡಿಕೆ ಇರುವುದಕ್ಕೆ ಅದರ ಚೆಲುವಿನಷ್ಟೇ ಈ ಹಿಂದಿನ ಸಸ್ಪೆನ್ಷನ್ ಕೂಡ ಕಾರಣ ಎಂಬುದು ನನ್ನ ಎಣಿಕೆ.

ಆಕ್ಸಲ್ ಎಡಕ್ಕೆ ಬಲಕ್ಕೆ ಜಾರದಂತೆ ಅಡ್ಡಲಾಗಿ ಪ್ಯಾನ್‌ಹಾರ್ಡ್ ಸರಳು ಎಂಬುದೊಂದಿದೆ. ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್‌ಗೆ. ಸರಳಿನ ತುದಿ ಚಲಿಸುವುದು ನೇರಗೆರೆಯಲ್ಲಲ್ಲ, ಕಮಾನಿನಲ್ಲಿ. ಒಂದು ಮೀಟರ್ ಉದ್ದದ ಸರಳು ಅಡ್ಡ ಮಟ್ಟದಿಂದ 15 ಸೆಂ.ಮೀ. ಮೇಲೇರಿದರೆ ಆಕ್ಸಲ್ ಪಕ್ಕಕ್ಕೆ 11 ಮಿ.ಮೀ. ಸರಿದಿರುತ್ತದೆ. ಒಂದು ಬದಿಯ ಟೈರು ಫೆಂಡರ್‌ಗೆ ಉಜ್ಜಲು ಅಷ್ಟು ಸಾಕು. ಉದ್ದ ಹೊಂದಿಸಬಲ್ಲ ಸರಳನ್ನು ಹಾಕುವುದು ಈ ಕಾರಣಕ್ಕೆ.

ಇನ್ನು ಇಡೀ ಕೆಲಸದ ಅತಿ ಕಠಿಣ ಘಟ್ಟ. ಆರು ಇಂಚು ಇಳಿಸಿದಾಗ ಆಕ್ಸಲ್ ಚಾಸಿಯ ಉದ್ದಪಟ್ಟಿಯ ಹೊಟ್ಟೆಗೆ ಬಹುತೇಕ ತಾಗಿಯೇಬಿಡುತ್ತದೆ. ಚಕ್ರ ಮೇಲೇಳಲು ಜಾಗ ಬೇಕೆಂದರೆ ಚಾಸಿಯನ್ನೇ ಕೊಯ್ಯಬೇಕು. ಆಕ್ಸಲ್‌ನ ನೇರಕ್ಕೆ ಕೆಳಗಿನಿಂದ ಅರ್ಧಚಂದ್ರಾಕಾರದ ಕಚ್ಚು ಹಾಕುತ್ತಾರೆ. ಇಂಗ್ಲಿಷಿನ ‘ಸಿ’ ಅಕ್ಷರದ ಆಕಾರದಿಂದ ಇದಕ್ಕೆ ಸಿ-ನಾಚ್ ಎಂಬ ಹೆಸರು. ಉಕ್ಕಿನ ಪಟ್ಟಿ ಬಾಗುವಿಕೆಯನ್ನು ತಡೆಯುವ ಶಕ್ತಿ ಅದರ ಎತ್ತರದ ಘನಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ಆಯತಾಕಾರದ ಪಟ್ಟಿಯ ಎತ್ತರವನ್ನು ಅರ್ಧಕ್ಕೆ ಕೊಯ್ದರೆ ಆ ಜಾಗದ ಬಿಗಿತ ಅರ್ಧವಲ್ಲ, ಎಂಟನೇ ಒಂದು ಪಾಲಿಗೆ ಕುಸಿಯುತ್ತದೆ. ಅದಕ್ಕೇ ಕಚ್ಚಿನ ಸುತ್ತ ದಪ್ಪ ಉಕ್ಕಿನ ಚೌಕಟ್ಟು ಕೂರಿಸಿ, ಕಚ್ಚಿನ ಆಚೀಚೆಗೂ ಸಾಕಷ್ಟು ಉದ್ದಕ್ಕೆ ಚಾಚಿ, ವೆಲ್ಡ್ ಮಾಡಿ ಬೋಲ್ಟ್ ಬಿಗಿಯುತ್ತಾರೆ. ಕಚ್ಚಿನ ಮೂಲೆ ಚೂಪಾಗಿರದೆ ದುಂಡಗಿರುವುದೂ ಅಲಂಕಾರಕ್ಕಲ್ಲ; ಚೂಪು ಮೂಲೆಯಲ್ಲಿ ಒತ್ತಡ ಗುಂಪುಗೂಡಿ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ತಗ್ಗಿಸಿದ ಗಾಡಿಯನ್ನು ಕೊಳ್ಳುವವರು ಬಣ್ಣ ನೋಡುವ ಮೊದಲು ಟಾರ್ಚ್ ಹಿಡಿದು ಈ ಕಚ್ಚನ್ನು ನೋಡಬೇಕು.

ಶಾಕ್ ಅಬ್ಸಾರ್ಬರ್‌ಗಳನ್ನು ಹೊಸ ಎತ್ತರಕ್ಕೆ, ಹೊಸ ಬಿಗಿತಕ್ಕೆ ತಕ್ಕಂತೆ ಬದಲಿಸಬೇಕು. ಎಂಜಿನ್ನಿನಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಗಳ ಯೂನಿವರ್ಸಲ್ ಜಾಯಿಂಟ್‌ಗಳ ಕೋನ ಸಮನಾಗಿರಬೇಕು. ಇಲ್ಲವಾದರೆ ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿಳಿದು ಗಾಡಿಯೆಲ್ಲ ನಡುಗುತ್ತದೆ.

ಇನ್ನೂ ತಗ್ಗಬೇಕೆನ್ನುವವರು ಉಕ್ಕಿನ ಸ್ಪ್ರಿಂಗ್ ಬಿಟ್ಟು ಗಾಳಿಚೀಲಕ್ಕೆ ಬರುತ್ತಾರೆ. ಕಂಪ್ರೆಸರ್, ಒಂದು ಟ್ಯಾಂಕ್, ಕವಾಟಗಳು, ಪ್ರತಿ ಚಕ್ರಕ್ಕೊಂದು ರಬ್ಬರ್ ಚೀಲ. ಗುಂಡಿ ಒತ್ತಿದರೆ ಗಾಡಿ ಏಳುತ್ತದೆ, ನಿಲ್ಲಿಸಿದಾಗ ಕೂರುತ್ತದೆ. ಗಾಳಿಯ ನಿಜವಾದ ಹೆಚ್ಚುಗಾರಿಕೆ ಬೇರೆಡೆ ಇದೆ. ಭಾರ ಹೆಚ್ಚಿದಾಗ ಎತ್ತರ ಕಾಯ್ದುಕೊಳ್ಳಲು ಚೀಲದ ಒತ್ತಡ ಹೆಚ್ಚಿಸುತ್ತೇವೆ. ಒತ್ತಡ ಹೆಚ್ಚಿದರೆ ಬಿಗಿತವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಹೀಗಾಗಿ ಗಾಡಿ ಖಾಲಿಯಿರಲಿ ತುಂಬಿರಲಿ ಕುಪ್ಪಳಿಸುವ ಲಯ ಹೆಚ್ಚು ಬದಲಾಗುವುದಿಲ್ಲ. ಕರ್ನಾಟಕದ ಓದುಗರು ಈ ಗುಣವನ್ನು ಐರಾವತ ಬಸ್ಸಿನಲ್ಲಿ ಅನುಭವಿಸಿಯೇ ಇರುತ್ತಾರೆ. ವೋಲ್ವೋ ಬಸ್ಸುಗಳ ಕೆಳಗಿರುವುದು ಇದೇ ಗಾಳಿಚೀಲ.

ತಗ್ಗಿಸುವ ಈ ಹುಚ್ಚು ಬೆಳೆದದ್ದು ಎರಡನೇ ಮಹಾಯುದ್ಧದ ನಂತರ ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಮೂಲದ ಯುವಕರ ಕೈಯಲ್ಲಿ. ಡಿಕ್ಕಿಯಲ್ಲಿ ಮರಳಿನ ಮೂಟೆ ಇಟ್ಟು ಕಾರು ತಗ್ಗಿಸಿ ವಿಟ್ಟಿಯರ್ ಬುಲೆವಾರ್ಡ್‌ನಲ್ಲಿ ನಿಧಾನವಾಗಿ ಸಾಗುವುದು ಅವರ ಹೆಮ್ಮೆಯಾಗಿತ್ತು. ಆ ಹೆಮ್ಮೆಯನ್ನು ಅನುಮಾನದಿಂದ ಕಂಡ ಸರ್ಕಾರ ಕಾನೂನು ತಂದಿತು: ಮಾರ್ಪಡಿಸಿದ ಗಾಡಿಯ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳತುದಿಗಿಂತ ಕೆಳಗಿರಕೂಡದು. ರಾನ್ ಅಗಿರೆ ಎಂಬ ಯುವಕ 1950ರ ದಶಕದ ಕೊನೆಗೆ ತನ್ನ ಕಾರ್ವೆಟ್ ಕಾರಿಗೆ ವಿಮಾನದ ಹೈಡ್ರಾಲಿಕ್ ಪಂಪುಗಳನ್ನು ಜೋಡಿಸಿ, ಬೇಕೆಂದಾಗ ಏರಿಸುವ, ಬೇಕೆಂದಾಗ ಇಳಿಸುವ ಉಪಾಯ ಮಾಡಿ ಆ ಕಾನೂನಿಗೆ ಉತ್ತರ ಕೊಟ್ಟ. ಕೊನೆಗೆ 2024ರ ಜನವರಿ 1ರಿಂದ ಕ್ಯಾಲಿಫೋರ್ನಿಯಾ ಆ ನಿಯಮವನ್ನೇ ಕೈಬಿಟ್ಟಿತು. ಒಂದು ಸಮುದಾಯವನ್ನು ಕಾಡಲು ಬಳಕೆಯಾದ ಕಾನೂನು ಹೋದದ್ದು ನ್ಯಾಯವೇ. ಆದರೆ ರಿಮ್ಮಿನ ಗೆರೆಯಲ್ಲಿ ಒಂದು ಭೌತಿಕ ಸತ್ಯವಿದೆ: ಟೈರು ಒಡೆದರೆ ಗಾಡಿ ರಿಮ್ಮಿನ ಮೇಲೆ ಕೂರುತ್ತದೆ, ಆಗ ರಿಮ್ಮಿಗಿಂತ ಕೆಳಗಿರುವ ತೋಳೋ ಬ್ರೇಕಿನ ಕೊಳವೆಯೋ ರಸ್ತೆಗೆ ಉಜ್ಜುತ್ತದೆ. ಒಳ್ಳೆಯ ಕಟ್ಟುಗಾರರು ಕಾನೂನು ಹೋದ ಮೇಲೂ ಓಡುವ ಎತ್ತರದಲ್ಲಿ ಆ ಗೆರೆಯನ್ನು ದಾಟುವುದಿಲ್ಲ.

ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಆದರೂ ನಮ್ಮ ಊರುಗಳ ಗ್ಯಾರೇಜುಗಳಲ್ಲಿ ಹುಡುಗರು ಕಾರಿನ ಸ್ಪ್ರಿಂಗ್ ಕತ್ತರಿಸಿಕೊಳ್ಳುತ್ತಲೇ ಇದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿನಂತಿ: ಗ್ರೈಂಡರ್ ಹಚ್ಚುವ ಮೊದಲು ಕಾರಿನಡಿ ತೂರಿ, ಸಸ್ಪೆನ್ಷನ್ನಿನ ತೋಳಿಗೂ ರಬ್ಬರ್ ತಡೆಗೂ ನಡುವೆ ಎಷ್ಟು ಜಾಗವಿದೆ ಎಂದು ಸ್ಕೇಲ್ ಹಿಡಿದು ಅಳೆಯಿರಿ. ನೀವು ಕತ್ತರಿಸಲು ಹೊರಟಿರುವುದು ಆ ಜಾಗವನ್ನು.